ಡಿಗ್ರಿಗೆ ಬಂದ ಮೇಲೆ ಇಂಗ್ಲಿಷ್ ಕಲಿಯುವುದು ಹೇಗೆ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮಾರ್ಗದರ್ಶಿ

ಪ್ರತಿ ವರ್ಷ ಡಿಗ್ರಿ ತರಗತಿ ಶುರುವಾಗಿ ತಿಂಗಳು ತುಂಬುವುದರೊಳಗೆ ಅದೇ ಪ್ರಶ್ನೆ ಬರುತ್ತದೆ. ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಕಡೆಯಿಂದ ಶಿವಮೊಗ್ಗಕ್ಕೆ ಓದಲು ಬಂದ ಮಕ್ಕಳು ಕೇಳುತ್ತಾರೆ: “ಸರ್, ಪಿಯುಸಿ ತನಕ ಕನ್ನಡ ಮೀಡಿಯಂ. ಈಗ ಕ್ಲಾಸಲ್ಲಿ ಹೇಳಿದ್ದು ಅರ್ಧಕ್ಕರ್ಧ ತಲೆಗೆ ಹೋಗಲ್ಲ. ಪುಸ್ತಕ ಹಿಡಿದ್ರೆ ಒಂದು ಪುಟ ದಾಟಲ್ಲ. ಮಾತಾಡೋಕಂತೂ ಬಾಯೇ ಬರಲ್ಲ. ಎಲ್ಲಿಂದ ಶುರು ಮಾಡ್ಲಿ?” ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎ, ಎಂಎಸ್ಸಿಗೆ ಸೇರಿದವರು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಿಮಗೆ ಬೇಕಾದ ಇಂಗ್ಲಿಷ್ ನಿಮ್ಮ ಡಿಗ್ರಿಯ ಪುಸ್ತಕದಲ್ಲೇ ಇದೆ. ಅದನ್ನು ಪಕ್ಕಕ್ಕಿಟ್ಟು ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಹುಡುಕಿಕೊಂಡು ಹೋದವರು ಎರಡು ವರ್ಷ ಕಳೆದ ಮೇಲೂ “ಹೌ ಆರ್ ಯು, ಐ ಆಮ್ ಫೈನ್” ದಾಟಿರುವುದಿಲ್ಲ. ಇನ್ನೊಂದು, ಇಂಗ್ಲಿಷ್ ಬರಬೇಕಾದರೆ ಕನ್ನಡ ಮರೆಯಬೇಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಯು.ಆರ್. ಅನಂತಮೂರ್ತಿ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, 1966ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು, ಕತೆ ಕಾದಂಬರಿ ಬರೆದದ್ದು ಕನ್ನಡದಲ್ಲಿ. ಕೊನಗವಳ್ಳಿಯ ಪಿ. ಲಂಕೇಶ್ ಕೂಡ ಇಂಗ್ಲಿಷ್ ಮೇಷ್ಟ್ರು. ಇಬ್ಬರೂ ಇದೇ ಜಿಲ್ಲೆಯ ಹಳ್ಳಿಗಳಿಂದ ಬಂದವರು. ನೀವು ಕನ್ನಡದಲ್ಲಿ ಓದಿ ತಿಳಿದುಕೊಂಡಿರುವ ಲೆಕ್ಕ, ವಿಜ್ಞಾನ, ಇತಿಹಾಸ ಎಲ್ಲವೂ ಇಂಗ್ಲಿಷ್ ಕಲಿಕೆಗೆ ಬಂಡವಾಳ. ಕೆಳಗಿನ ಹಂತಗಳೆಲ್ಲ ಆ ಬಂಡವಾಳವನ್ನು ಬಳಸುವ ಬಗೆಗಳೇ.

ಏನೇನು ಬೇಕು

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ನಿಮ್ಮ ವಿಷಯದ ಒಂದು ಇಂಗ್ಲಿಷ್ ಪುಸ್ತಕ, ಇಯರ್‌ಫೋನ್ ಇರುವ ಮೊಬೈಲ್, ಒಳ್ಳೆಯ ನಿಘಂಟು. ನಿಘಂಟು ಎರಡು ಬಗೆಯದು ಬೇಕಾಗುತ್ತದೆ. ಇಂಗ್ಲಿಷ್ ಪದದ ಅರ್ಥಕ್ಕೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನವರ ಕಲಿಯುವವರ ನಿಘಂಟು ನೋಡಿ. ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅರ್ಥವನ್ನು ಸರಳ ಪದಗಳಲ್ಲೇ ಹೇಳುತ್ತದೆ, ಉಚ್ಚಾರವನ್ನು ಕೇಳಿಸುತ್ತದೆ. ಕನ್ನಡ ಪದಕ್ಕೆ ಇಂಗ್ಲಿಷ್ ಬೇಕಾದಾಗ ವಿ. ಕೃಷ್ಣ ಅವರು ರೂಪಿಸಿದ ‘ಅಲರ್’ ನಿಘಂಟು ಇದೆ, ಅದೂ ಉಚಿತ. ಇವೆಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ದಿನಕ್ಕೆ ಮುಕ್ಕಾಲು ಗಂಟೆ ಮತ್ತು ಜೊತೆಗೆ ಕಲಿಯುವ ಒಬ್ಬ ಗೆಳೆಯ ಅಥವಾ ಗೆಳತಿ.

ಓದಲು ಸುಲಭವಾಗಲಿ ಎಂದು ಈ ಲೇಖನದಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ಮಾತ್ರ ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ಪುಸ್ತಕದ ಪ್ರತಿ ಸಾಲಿನ ಮೇಲೆ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಕಣ್ಣು ಕನ್ನಡ ಅಕ್ಷರದ ಮೇಲೇ ಓಡುತ್ತದೆ, ಕೆಳಗಿರುವ ಸ್ಪೆಲಿಂಗ್ ತಲೆಗೆ ಹೋಗುವುದೇ ಇಲ್ಲ.

ಹಂತ 1: ಮಾಧ್ಯಮದ ವಿಷಯದಲ್ಲಿ ಅವಸರ ಬೇಡ

ಬಿಎ, ಬಿಕಾಂನ ಹಲವು ವಿಷಯಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಅವಕಾಶವಿರುತ್ತದೆ. ನಿಮ್ಮ ಪತ್ರಿಕೆಗಳಿಗೆ ಇದೆಯೇ ಎಂದು ವಿಭಾಗದಲ್ಲಿ ಕೇಳಿ. ಇದ್ದರೆ ಮೊದಲ ಸೆಮಿಸ್ಟರ್‌ನಲ್ಲಿ ಮರ್ಯಾದೆಗೆ ಅಂಜಿ ಇಂಗ್ಲಿಷ್‌ನಲ್ಲಿ ಬರೆಯಲು ಹೋಗಬೇಡಿ. ವಿಷಯ ಗೊತ್ತಿದ್ದೂ ಅಂಕ ಹೋದರೆ ಧೈರ್ಯವೇ ಉಡುಗಿಹೋಗುತ್ತದೆ. ಬಿಎಸ್ಸಿ, ಬಿಸಿಎಯವರಿಗೆ ಹೆಚ್ಚಾಗಿ ಈ ಆಯ್ಕೆ ಇರುವುದಿಲ್ಲ. ಅವರು ಹಂತ 2 ಮತ್ತು 3ನ್ನು ಮೊದಲ ವಾರದಿಂದಲೇ ಶುರು ಮಾಡಬೇಕು.

ಹಂತ 2: ಆಗಲೇ ಓದಿರುವ ಪಾಠವನ್ನು ಇಂಗ್ಲಿಷ್‌ನಲ್ಲಿ ಓದಿ

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ನೆರವು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದೇ ತರಗತಿಯ ವಿಜ್ಞಾನ, ಸಮಾಜ ವಿಜ್ಞಾನ, ಗಣಿತದ ಪುಸ್ತಕಗಳು ಕನ್ನಡ ಮಾಧ್ಯಮದ್ದೂ ಇಂಗ್ಲಿಷ್ ಮಾಧ್ಯಮದ್ದೂ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಎಂಟು, ಒಂಬತ್ತು, ಹತ್ತನೇ ತರಗತಿಯವನ್ನು ಇಳಿಸಿಕೊಳ್ಳಿ. ದ್ಯುತಿಸಂಶ್ಲೇಷಣೆಯೋ, ಫ್ರಾನ್ಸಿನ ಕ್ರಾಂತಿಯೋ, ಭಾರತದ ಸಂವಿಧಾನವೋ, ವಿಷಯ ನಿಮಗೆ ಗೊತ್ತೇ ಇದೆ. ಹೊಸದು ಭಾಷೆ ಮಾತ್ರ. ಗೊತ್ತಿರುವ ವಿಷಯವನ್ನು ಓದುವಾಗ ಗೊತ್ತಿಲ್ಲದ ಪದದ ಅರ್ಥ ತಾನಾಗಿ ಹೊಳೆಯುತ್ತದೆ.

ಹೇಗೆ ಓದಬೇಕು? ಕನ್ನಡದ ಪಾಠ ಒಮ್ಮೆ, ಇಂಗ್ಲಿಷ್ ಪಾಠ ಎರಡು ಸಲ. ಎರಡನೇ ಸಲ ಗಟ್ಟಿಯಾಗಿ. ದಿನಕ್ಕೆ ಎರಡು ಪುಟ ಸಾಕು.

ಯಾವ ಪುಸ್ತಕ ನಿಮ್ಮ ಮಟ್ಟದ್ದು ಎಂದು ತಿಳಿಯಲು ಒಂದು ದಾರಿ ಇದೆ. ಯಾವುದಾದರೂ ಪುಟದಲ್ಲಿ ನೂರು ಪದಗಳನ್ನು ಎಣಿಸಿ, ಗೊತ್ತಿಲ್ಲದವಕ್ಕೆ ಗೆರೆ ಹಾಕಿ. ಎರಡರಿಂದ ಐದು ಇದ್ದರೆ ನಿಘಂಟು ಇಟ್ಟುಕೊಂಡು ನೆಮ್ಮದಿಯಾಗಿ ಓದಬಹುದು. ಹತ್ತು ದಾಟಿದರೆ ಆ ಪುಸ್ತಕ ಸದ್ಯಕ್ಕೆ ಕಠಿಣ, ಒಂದು ತರಗತಿ ಕೆಳಗಿನದನ್ನು ತೆಗೆದುಕೊಳ್ಳಿ. ಡಿಗ್ರಿ ವಿದ್ಯಾರ್ಥಿ ಎಂಟನೇ ತರಗತಿ ಪುಸ್ತಕ ಹಿಡಿದರೆ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹಂತ 3: ಉದ್ದ ವಾಕ್ಯ ಬಿಡಿಸುವುದನ್ನು ಕಲಿಯಿರಿ

ಡಿಗ್ರಿ ಪುಸ್ತಕದಲ್ಲಿ ಪದಗಳಷ್ಟೇ ಕಷ್ಟ ಕೊಡುವುದು ವಾಕ್ಯದ ಉದ್ದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಾವು ವಾಕ್ಯದ ತುದಿ ಮುಟ್ಟುವವರೆಗೆ ಕಾಯುತ್ತೇವೆ. ಇಂಗ್ಲಿಷ್‌ನಲ್ಲಿ ಕರ್ತೃ ಆದ ಕೂಡಲೇ ಕ್ರಿಯಾಪದ, ಉಳಿದದ್ದೆಲ್ಲ ಆಮೇಲೆ. ಹಾಗೆಯೇ ನಾವು “ನಿನ್ನೆ ಬಂದ ಹುಡುಗ” ಎಂದು ವಿಶೇಷಣವನ್ನು ಮೊದಲು ಇಡುತ್ತೇವೆ. ಇಂಗ್ಲಿಷ್ “ದಿ ಬಾಯ್ ಹೂ ಕೇಮ್ ಎಸ್ಟರ್‌ಡೇ” ಎಂದು ಹುಡುಗನನ್ನು ಮೊದಲು ಹೇಳಿ, ಯಾವ ಹುಡುಗ ಎಂಬುದನ್ನು ಹಿಂದೆ ಜೋಡಿಸುತ್ತದೆ. ಇಷ್ಟು ಮನಸ್ಸಿಗೆ ಬಂದರೆ ಪುಸ್ತಕದ ಅರ್ಧ ಕಷ್ಟ ಇಳಿಯುತ್ತದೆ.

ಅರ್ಥಶಾಸ್ತ್ರದ ಪುಸ್ತಕದಲ್ಲಿ ಇಂಥದೊಂದು ವಾಕ್ಯ ಬಂತು ಎನ್ನಿ: “ದಿ ಪ್ರೈಸ್ ದಟ್ ದಿ ಫಾರ್ಮರ್ ರಿಸೀವ್ಸ್ ಅಟ್ ದಿ ಮಾರ್ಕೆಟ್ ಡಿಪೆಂಡ್ಸ್ ಆನ್ ದಿ ಕ್ವಾಲಿಟಿ ಆಫ್ ದಿ ನಟ್.” ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲು ಕ್ರಿಯಾಪದಗಳನ್ನು ಹುಡುಕಿ ಕೆಳಗೆ ಗೆರೆ ಎಳೆಯಿರಿ. ಇಲ್ಲಿ ಎರಡಿವೆ: ರಿಸೀವ್ಸ್, ಡಿಪೆಂಡ್ಸ್. ಆಮೇಲೆ ‘ದಟ್, ವಿಚ್, ಹೂ’ ಇಂಥ ಪದ ಎಲ್ಲಿದೆ ನೋಡಿ, ಅಲ್ಲಿಂದ ಅದರ ತುಂಡು ಮುಗಿಯುವವರೆಗೆ ಕಂಸ ಹಾಕಿ. ಇಲ್ಲಿ “ದಟ್ ದಿ ಫಾರ್ಮರ್ ರಿಸೀವ್ಸ್ ಅಟ್ ದಿ ಮಾರ್ಕೆಟ್” ಎಂಬುದು ಕಂಸದೊಳಗೆ ಹೋಯಿತು. ಹೊರಗೆ ಉಳಿದದ್ದು “ದಿ ಪ್ರೈಸ್ ಡಿಪೆಂಡ್ಸ್ ಆನ್ ದಿ ಕ್ವಾಲಿಟಿ ಆಫ್ ದಿ ನಟ್.” ಬೆಲೆ ಅಡಿಕೆಯ ಗುಣಮಟ್ಟದ ಮೇಲೆ ನಿಂತಿದೆ, ಇದೇ ವಾಕ್ಯದ ಬೆನ್ನೆಲುಬು. ಈಗ ಕಂಸದೊಳಗಿನದನ್ನು ತಂದು ಬೆಲೆಯ ಮುಂದೆ ಇಡಿ: ಮಾರುಕಟ್ಟೆಯಲ್ಲಿ ರೈತನಿಗೆ ಸಿಗುವ ಬೆಲೆ ಅಡಿಕೆಯ ಗುಣಮಟ್ಟದ ಮೇಲೆ ನಿಂತಿದೆ. ಅಷ್ಟೇ.

ದಿನಕ್ಕೆ ಒಂದೇ ಒಂದು ಪ್ಯಾರಾವನ್ನು ಹೀಗೆ ಪೂರ್ತಿ ಬಿಡಿಸಿ. ಹತ್ತು ಪುಟದ ಮೇಲೆ ಕಣ್ಣಾಡಿಸುವುದಕ್ಕಿಂತ ಇದರಿಂದ ಬರುವ ಲಾಭ ಹೆಚ್ಚು. ಎರಡು ತಿಂಗಳು ಬಿಡದೆ ಮಾಡಿದವರಿಗೆ ಪೆನ್ಸಿಲ್ ಬೇಕಾಗುವುದಿಲ್ಲ, ಕಣ್ಣೇ ಆ ಕೆಲಸ ಮಾಡುತ್ತದೆ.

ಎಚ್ಚರಿಕೆ: ವ್ಯಾಕರಣದ ಪುಸ್ತಕ ಹಿಡಿದು ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಉರು ಹೊಡೆಯುವುದರಿಂದ ಶುರು ಮಾಡಬೇಡಿ. ಪಟ್ಟಿ ಬಾಯಿಗೆ ಬರುತ್ತದೆ, ವಾಕ್ಯ ಬರುವುದಿಲ್ಲ. ಓದುವಾಗ ಸಂದೇಹ ಬಂದ ಕಡೆ ವ್ಯಾಕರಣ ನೋಡಿ.

ಹಂತ 4: ಪದಗಳನ್ನು ಆರಿಸಿ ಕಲಿಯಿರಿ

ಇಂಗ್ಲಿಷ್‌ನಲ್ಲಿ ಲಕ್ಷಗಟ್ಟಲೆ ಪದಗಳಿವೆ, ಎಲ್ಲವೂ ನಿಮಗೆ ಬೇಡ. ತೀರ ಸಾಮಾನ್ಯವಾದ ಎರಡು ಸಾವಿರ ಪದಕುಟುಂಬಗಳು ಮೊದಲು. ಪದಕುಟುಂಬ ಎಂದರೆ ಒಂದೇ ಬೇರಿನ ಪದಗಳ ಗುಂಪು: ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಮೂರೂ ಒಂದೇ ಕುಟುಂಬ. ಇವುಗಳಲ್ಲಿ ಹೆಚ್ಚಿನವು ಹತ್ತನೇ ತರಗತಿವರೆಗಿನ ಓದಿನಲ್ಲಿ ಬಂದುಹೋಗಿರುತ್ತವೆ. ಅದಾದ ಮೇಲೆ ಬೇಕಾದದ್ದು ಎಲ್ಲ ವಿಷಯದ ಪುಸ್ತಕಗಳಲ್ಲೂ ಬರುವ ಓದಿನ ಪದಗಳು. ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಅಂಥ 570 ಪದಕುಟುಂಬಗಳ ಪಟ್ಟಿ ಪ್ರಕಟಿಸಿದರು. ಹೆಸರು ಅಕಾಡೆಮಿಕ್ ವರ್ಡ್ ಲಿಸ್ಟ್, ಜಾಲದಲ್ಲಿ ಉಚಿತ. ವಿಶ್ವವಿದ್ಯಾಲಯ ಮಟ್ಟದ ಪುಸ್ತಕದ ಸುಮಾರು ಶೇಕಡಾ 10ರಷ್ಟು ಪದಗಳು ಈ ಪಟ್ಟಿಯವೇ. ಎವಿಡೆನ್ಸ್, ಸಿಗ್ನಿಫಿಕೆಂಟ್, ಡಿಸ್ಟ್ರಿಬ್ಯೂಟ್, ಅಸ್ಯೂಮ್ ಇಂಥವು. ನಿಮ್ಮ ವಿಷಯದ ಪಾರಿಭಾಷಿಕ ಪದಗಳನ್ನು ಹೇಗೂ ಮೇಷ್ಟ್ರು ಬಿಡಿಸಿ ಹೇಳುತ್ತಾರೆ. ಈ ಪಟ್ಟಿಯ ಪದಗಳನ್ನು ಮಾತ್ರ ಎಲ್ಲರೂ ನಿಮಗೆ ಗೊತ್ತಿದೆ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಅದಕ್ಕೇ ಇವನ್ನು ನೀವೇ ಕಲಿಯಬೇಕು.

ದಿನಕ್ಕೆ ಐದು ಪದ. ನೋಟ್‌ಬುಕ್‌ನಲ್ಲಿ ಪದ, ಅದು ಬಂದ ವಾಕ್ಯ, ಕನ್ನಡ ಅರ್ಥ, ನಿಮ್ಮದೇ ಒಂದು ವಾಕ್ಯ. ಮರುದಿನ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ತಿರುಗಿ ನೋಡಿ. ಬರೀ ಪದ ಬರೆಯಬೇಡಿ, ಅದರ ಜೊತೆ ಬರುವ ಸಣ್ಣ ಪದವನ್ನೂ ಸೇರಿಸಿ: ಡಿಪೆಂಡ್ ಆನ್, ಕನ್ಸಿಸ್ಟ್ ಆಫ್, ರಿಸಲ್ಟ್ ಇನ್. ‘ಡಿಸ್ಕಸ್’ಗೆ ‘ಅಬೌಟ್’ ಬೇಡ, ‘ರಿಟರ್ನ್’ಗೆ ‘ಬ್ಯಾಕ್’ ಬೇಡ.

ಹಂತ 5: ಕಿವಿ ತಯಾರು ಮಾಡಿ

ಕನ್ನಡವನ್ನು ಬರೆದಂತೆ ಓದುತ್ತೇವೆ. ಇಂಗ್ಲಿಷ್ ಹಾಗಲ್ಲ. ‘ಡೌಟ್’ನಲ್ಲಿ ಬಿ ಇದೆ, ಕೇಳಿಸುವುದಿಲ್ಲ. ‘ರಿಸೀಟ್’ನಲ್ಲಿ ಪಿ ಇದೆ, ಕೇಳಿಸುವುದಿಲ್ಲ. ಆದ್ದರಿಂದ ಹೊಸ ಪದವನ್ನು ನಿಘಂಟಿನಲ್ಲಿ ನೋಡಿದಾಗಲೆಲ್ಲ ಸ್ಪೀಕರ್ ಗುರುತು ಒತ್ತಿ ಕೇಳಿ, ಎರಡು ಸಲ ಬಾಯಲ್ಲಿ ಹೇಳಿ.

ಕೇಳಲು ಏನು? ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಒಳ್ಳೆಯ ಶುರು. ಓದುವವರು ಭಾರತೀಯರೇ, ವೇಗ ಹದವಾಗಿರುತ್ತದೆ, ಮಾತು ಸ್ಪಷ್ಟ. ಬೆಳಗ್ಗೆ ಕನ್ನಡ ವಾರ್ತೆ ಕೇಳಿ ಆಮೇಲೆ ಇಂಗ್ಲಿಷ್ ವಾರ್ತೆ ಕೇಳಿದರೆ ಸುದ್ದಿ ಮೊದಲೇ ಗೊತ್ತಿರುತ್ತದೆ, ಹಂತ 2ರ ಉಪಾಯವೇ ಇಲ್ಲೂ ನಡೆಯುತ್ತದೆ. ಬಿಬಿಸಿಯವರು ಕಲಿಯುವವರಿಗೆಂದೇ ಆರು ನಿಮಿಷದ ಧ್ವನಿ ಪಾಠಗಳನ್ನು ಕೊಡುತ್ತಾರೆ, ಜೊತೆಗೆ ಪಠ್ಯವೂ ಇರುತ್ತದೆ. ಸ್ವಯಂ, ಎನ್‌ಪಿಟೆಲ್ ಎಂಬ ಸರ್ಕಾರಿ ಆನ್‌ಲೈನ್ ಪಾಠಗಳ ತಾಣಗಳಲ್ಲಿ ನಿಮ್ಮ ವಿಷಯದ ಉಪನ್ಯಾಸಗಳೇ ಸಿಗುತ್ತವೆ. ಮೊದಲು ಪಠ್ಯ ನೋಡದೆ ಕೇಳಿ, ಆಮೇಲೆ ನೋಡುತ್ತ ಕೇಳಿ, ಕೊನೆಗೆ ಮತ್ತೆ ನೋಡದೆ.

ತರಗತಿಯಲ್ಲಿ ಎಲ್ಲ ಪದವನ್ನೂ ಹಿಡಿಯಲು ಹೋಗಬೇಡಿ. ದಿಕ್ಕು ತೋರಿಸುವ ಪದಗಳಿಗೆ ಕಿವಿ ಕೊಡಿ. ‘ಹೌಎವರ್’ ಬಂದರೆ ಈಗ ಮಾತು ತಿರುಗುತ್ತದೆ. ‘ದೇರ್‌ಫೋರ್’ ಬಂದರೆ ತೀರ್ಮಾನ ಬರುತ್ತಿದೆ. ‘ಫಾರ್ ಇನ್‌ಸ್ಟನ್ಸ್’ ಅಂದರೆ ಉದಾಹರಣೆ, ಸ್ವಲ್ಪ ತಪ್ಪಿಹೋದರೂ ನಷ್ಟವಿಲ್ಲ. ಹಿಂದಿನ ರಾತ್ರಿ ಪಾಠದ ತಲೆಬರಹಗಳನ್ನಾದರೂ ಓದಿಕೊಂಡು ಬನ್ನಿ.

ಹಂತ 6: ಬಾಯಿ ಬಿಡಿ

ಇಲ್ಲಿ ಎಲ್ಲರಿಗೂ ಹೆದರಿಕೆ. ಹಾಸ್ಟೆಲ್‌ನಲ್ಲಿ ಎರಡು ವಾಕ್ಯ ಮಾತಾಡಿದರೆ “ಏನಪ್ಪಾ, ರೂಮಿಗೆ ಬಂದ್ ಮೇಲೂ ಇಂಗ್ಲಿಷೇನಾ?” ಎಂದು ರೇಗಿಸುವವರು ಇದ್ದೇ ಇರುತ್ತಾರೆ. ಅದಕ್ಕೇ ಒಬ್ಬ ಜೊತೆಗಾರ ಬೇಕು ಎಂದದ್ದು. ಇಬ್ಬರೇ ಕೂತು ದಿನಕ್ಕೆ ಹದಿನೈದು ನಿಮಿಷ ಮಾತಾಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ತಿದ್ದಬಾರದು, ಮುಗಿದ ಮೇಲೆ ಎರಡೇ ಎರಡು ತಪ್ಪು ಹೇಳಬೇಕು. ಜೊತೆ ಸಿಗದಿದ್ದರೆ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಂಡು ಮರುದಿನ ಕೇಳಿ.

ಏನು ಮಾತಾಡುವುದು? ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ವಿಮಾನ ನಿಲ್ದಾಣದಲ್ಲಿ, ಹೋಟೆಲ್ ಕೌಂಟರ್‌ನಲ್ಲಿ ಮಾತಾಡಿಸುತ್ತವೆ. ನೀವು ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಎತ್ತಿಕೊಳ್ಳಿ. ಮನೆಯಲ್ಲಿ ತೋಟ ಇದೆಯೇ? ಕೆಂಪಡಿಕೆ ಹೇಗೆ ಆಗುತ್ತದೆ ಎಂದು ಅಡಿಕೆಯನ್ನೇ ನೋಡದ ಒಬ್ಬರಿಗೆ ಇಂಗ್ಲಿಷ್‌ನಲ್ಲಿ ಹೇಳಿ. “ದಿ ಬಂಚಸ್ ಆರ್ ಕಟ್. ದಿ ಹಸ್ಕ್ ಈಸ್ ರಿಮೂವ್ಡ್. ದಿ ನಟ್ಸ್ ಆರ್ ಬಾಯ್ಲ್ಡ್. ದೆನ್ ದೇ ಆರ್ ಡ್ರೈಡ್ ಇನ್ ದಿ ಸನ್.” ಅಡಿಕೆ ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ಅಷ್ಟೂ ಕೆಲಸ ನಾಲ್ಕು ಪುಟ್ಟ ವಾಕ್ಯಗಳಲ್ಲಿ ಬಂತು. ಗಮನಿಸಿ, ನಾಲ್ಕೂ ಕರ್ಮಣಿ ಪ್ರಯೋಗದ ವಾಕ್ಯಗಳು. ಯಾರು ಮಾಡಿದರು ಎನ್ನುವುದಕ್ಕಿಂತ ಏನು ಮಾಡಲಾಯಿತು ಎನ್ನುವುದಕ್ಕೆ ಒತ್ತು. ನಿಮ್ಮ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ಬೇಕಾಗುವುದೂ ಇದೇ ರೂಪ. ಚೊಗರು ಎನ್ನಲು ಪದ ಸಿಗದಿದ್ದರೆ ನಿಲ್ಲಬೇಡಿ, “ದಿ ಡಾರ್ಕ್ ಲಿಕ್ವಿಡ್ ಲೆಫ್ಟ್ ಆಫ್ಟರ್ ಬಾಯ್ಲಿಂಗ್” ಎಂದು ಸುತ್ತಿ ಹೇಳಿ. ಮರುದಿನ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಹೇಗೆ ಬೇರೆ ಮಾಡುತ್ತಾರೆ ಎಂಬುದನ್ನು ಹೇಳಿ. ಅಲ್ಲಿ ಹೋಲಿಕೆಯ ಪದಗಳು ಬರುತ್ತವೆ: ಬೆಟರ್ ದ್ಯಾನ್, ದಿ ಬೆಸ್ಟ್, ಚೀಪರ್ ದ್ಯಾನ್. ತೋಟ ಇಲ್ಲದಿದ್ದರೆ ಭತ್ತದ ನಾಟಿ, ಅಂಗಡಿ, ಅಮ್ಮನ ಹೊಲಿಗೆ ಕೆಲಸ, ಕಬಡ್ಡಿ, ಯಾವುದಾದರೂ ಸರಿ.

ನಮ್ಮವರು ಪದೇ ಪದೇ ಮಾಡುವ ತಪ್ಪುಗಳಲ್ಲಿ ಮೊದಲನೆಯದು ‘ನನಗೆ’ ವಾಕ್ಯಗಳು. ನನಗೆ ಗೊತ್ತು, ನನಗೆ ಇಬ್ಬರು ತಂಗಿಯರಿದ್ದಾರೆ, ನನಗೆ ಜ್ವರ ಬಂದಿದೆ. ಇವೆಲ್ಲ ಇಂಗ್ಲಿಷ್‌ಗೆ ಹೋಗುವಾಗ ‘ಐ’ ಇಂದ ಶುರುವಾಗುತ್ತವೆ: ಐ ನೋ, ಐ ಹ್ಯಾವ್ ಟೂ ಸಿಸ್ಟರ್ಸ್, ಐ ಹ್ಯಾವ್ ಎ ಫೀವರ್. ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಬೇಡ. ತಿಳಿದಿರುವುದು, ಇರುವುದು, ಬೇಕಾಗುವುದು, ಇಷ್ಟಪಡುವುದು ಇಂಥ ಸ್ಥಿತಿಯನ್ನು ಹೇಳುವಾಗ ಸಾಮಾನ್ಯವಾಗಿ ‘ಇಂಗ್’ ಸೇರಿಸುವುದಿಲ್ಲ.

ಉಚ್ಚಾರದಲ್ಲಿ ನಾಲ್ಕು ವಿಷಯ ನೋಡಿಕೊಂಡರೆ ಸಾಕು. ಪದದ ಕೊನೆಗೆ ‘ಉ’ ಸೇರಿಸಬೇಡಿ: ಬಸ್ಸು, ಬುಕ್ಕು ಕನ್ನಡದಲ್ಲಿ ಸರಿ, ಇಂಗ್ಲಿಷ್ ಮಾತಾಡುವಾಗ ಬಸ್, ಬುಕ್. ‘ಎಗ್’ ಅನ್ನು ‘ಯೆಗ್’ ಎಂದೂ ‘ಓಲ್ಡ್’ ಅನ್ನು ‘ವೋಲ್ಡ್’ ಎಂದೂ ಅನ್ನಬೇಡಿ. ಝೀರೋ, ಝೂ ಹೇಳುವಾಗ ‘ಜ’ ಅಲ್ಲ, ನಾಲಿಗೆ ಹಲ್ಲಿನ ಹತ್ತಿರ ಹೋಗಿ ದುಂಬಿ ಗುಂಯ್‌ಗುಡುವ ಸದ್ದು ಬರಬೇಕು. ನಾಲ್ಕನೆಯದು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ಬಲ. ಇಂಗ್ಲಿಷ್ ಪದದಲ್ಲಿ ಒಂದು ಕಡೆ ಬಲ ಬೀಳುತ್ತದೆ, ಉಳಿದವು ಸಣ್ಣಗಾಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ನಿಘಂಟು ಒತ್ತು ಬೀಳುವ ಭಾಗ ಶುರುವಾಗುವ ಮೊದಲು ಮೇಲ್ಗಡೆ ಒಂದು ಸಣ್ಣ ಗೆರೆ ಇಟ್ಟು ತೋರಿಸುತ್ತದೆ. ಇದನ್ನು ಬಿಟ್ಟು ಲಂಡನ್ನಿನವರ, ಅಮೆರಿಕದವರ ಧಾಟಿ ಅನುಕರಿಸಲು ಹೋಗುವುದು ವ್ಯರ್ಥ ಶ್ರಮ. ನಿಮ್ಮ ಮಾತಿನಲ್ಲಿ ಮಲೆನಾಡು ಕೇಳಿಸಿದರೆ ಕೇಳಿಸಲಿ, ಅರ್ಥವಾದರಾಯಿತು.

ಹಂತ 7: ಬರವಣಿಗೆ ಮತ್ತು ಪರೀಕ್ಷೆ

ಗೈಡ್‌ನ ಉತ್ತರವನ್ನು ಉರು ಹೊಡೆದು ಬರೆಯುವವರು ಪ್ರಶ್ನೆ ಒಂದಿಷ್ಟು ತಿರುಗಿದರೂ ಸಿಕ್ಕಿಬೀಳುತ್ತಾರೆ. ಅದಕ್ಕಿಂತ ಪ್ರಶ್ನೆಯ ಮೊದಲ ಪದ ಏನು ಕೇಳುತ್ತಿದೆ ಎಂದು ಅರಿಯಿರಿ. ‘ಡಿಫೈನ್’ ಎಂದರೆ ವ್ಯಾಖ್ಯೆ, ಎರಡು ಮೂರು ವಾಕ್ಯ ಸಾಕು. ‘ಡಿಸ್ಕ್ರೈಬ್’ಗೆ ಹೇಗಿದೆ ಎಂದು ವಿವರಿಸಬೇಕು, ‘ಎಕ್ಸ್‌ಪ್ಲೇನ್’ಗೆ ಏಕೆ, ಹೇಗೆ ಎಂಬ ಕಾರಣ ಬೇಕು. ‘ಡಿಸ್ಟಿಂಗ್ವಿಶ್’ ವ್ಯತ್ಯಾಸ ಮಾತ್ರ ಕೇಳುತ್ತದೆ, ‘ಕಂಪೇರ್’ಗೆ ಹೋಲಿಕೆಯೂ ಬೇಕು. ‘ಜಸ್ಟಿಫೈ’ ಎಂದರೆ ಆ ಮಾತನ್ನು ಕಾರಣ ಕೊಟ್ಟು ಸಮರ್ಥಿಸಬೇಕು. ‘ಎವ್ಯಾಲ್ಯುಯೇಟ್’, ‘ಕ್ರಿಟಿಕಲಿ ಎಕ್ಸಾಮಿನ್’ ಬಂದರೆ ಪರ, ವಿರೋಧ ಎರಡನ್ನೂ ತೂಗಿ ನಿಮ್ಮ ನಿಲುವು ಹೇಳಬೇಕು. ‘ಡಿಸ್ಟಿಂಗ್ವಿಶ್’ ಇದ್ದಲ್ಲಿ ಎರಡು ಪುಟ ವಿವರಣೆ ಬರೆದು ಅಂಕ ಕಳೆದುಕೊಳ್ಳುವವರನ್ನು ಉತ್ತರ ಪತ್ರಿಕೆ ತಿದ್ದುವಾಗ ನೋಡುತ್ತಲೇ ಇರುತ್ತೇನೆ. ವಿಷಯ ಅವರಿಗೆ ಗೊತ್ತಿತ್ತಲ್ಲ ಎಂದು ಸಂಕಟವಾಗುತ್ತದೆ.

ಉತ್ತರ ಬರೆಯುವ ಕ್ರಮ ಹೀಗಿರಲಿ. ಮೊದಲು ಏನು ಬರೆಯಬೇಕೆಂದು ಕನ್ನಡದಲ್ಲಿ ಆರೇಳು ಪದಗಳಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಒಂದೊಂದಕ್ಕೂ ಒಂದು ಸಣ್ಣ ಇಂಗ್ಲಿಷ್ ವಾಕ್ಯ. ಹತ್ತು ಹನ್ನೆರಡು ಪದ ದಾಟದಿರಲಿ. ಕನ್ನಡದಲ್ಲಿ ಪೂರ್ತಿ ಉತ್ತರ ಬರೆದು ಅನುವಾದಿಸಲು ಹೋದರೆ ಉದ್ದ ವಾಕ್ಯಗಳು ಕಾಲಿಗೆ ತೊಡರುತ್ತವೆ, ಸಮಯವೂ ಸಾಲದು.

‘ಎ’ ಮತ್ತು ‘ದಿ’ ಬಗ್ಗೆ ಬಹಳ ಜನ ಕೊರಗುತ್ತಾರೆ. ಕನ್ನಡದಲ್ಲಿ ‘ಯಾವುದೋ ಒಂದು’ ಎಂದು ಸೇರಿಸಿ ನೋಡಿ, ಒಗ್ಗಿದರೆ ‘ಎ’. ‘ಅದೇ, ಆಗಲೇ ಹೇಳಿದ’ ಎಂದು ಸೇರಿಸಿದರೆ ಒಗ್ಗುವ ಕಡೆ ‘ದಿ’. ಎಲ್ಲ ಕಡೆ ಇದು ಸಾಲದು, ಆದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಉಳಿದದ್ದು ಓದುತ್ತ ಓದುತ್ತ ಬರುತ್ತದೆ.

ಹಂತ 8: ಮೊಬೈಲ್ ಅನುವಾದ, ಎಐ

ಬಳಸಿ, ಆದರೆ ಸರಿಯಾದ ಸಮಯದಲ್ಲಿ. ಒಂದು ಪ್ಯಾರಾ ಎಷ್ಟು ಬಿಡಿಸಿದರೂ ಅರ್ಥವಾಗದಿದ್ದರೆ ಅನುವಾದ ನೋಡಬಹುದು. ಬರೆಯುವಾಗ ಮೊದಲು ನೀವೇ ಬರೆಯಿರಿ, ಆಮೇಲೆ ಎಐಗೆ ಕೊಟ್ಟು ತಪ್ಪು ತೋರಿಸಿ, ಕಾರಣ ಕನ್ನಡದಲ್ಲಿ ಹೇಳು ಎಂದು ಕೇಳಿ. ತಿದ್ದಿದ ವಾಕ್ಯಗಳನ್ನು ಕೈಯಲ್ಲಿ ಇನ್ನೊಮ್ಮೆ ಬರೆಯಿರಿ. ಅಸೈನ್‌ಮೆಂಟನ್ನೇ ಅದರಿಂದ ಬರೆಸಿ ಕೊಟ್ಟರೆ ನಿಮ್ಮ ಇಂಗ್ಲಿಷ್ ಇದ್ದಲ್ಲೇ ಇರುತ್ತದೆ. ಕನ್ನಡದ ಅರ್ಥ ಹೇಳುವಾಗಲೂ ಅದು ತಪ್ಪುವುದುಂಟು, ಪಾರಿಭಾಷಿಕ ಪದವನ್ನು ಪಠ್ಯಪುಸ್ತಕದ ಜೊತೆ ಹೋಲಿಸಿಯೇ ಒಪ್ಪಿಕೊಳ್ಳಿ.

ಹಂತ 9: ಮಳೆಗಾಲಕ್ಕೂ ಅಡಿಕೆ ಕೊಯ್ಲಿನ ಕೊನೆಗಾಲಕ್ಕೂ ಲೆಕ್ಕ ಹಾಕಿಕೊಳ್ಳಿ

ಊರಿಂದ ಓಡಾಡುವವರಿಗೆ ಇದು ಬೇಕು. ಆಗುಂಬೆ, ಹೊಸನಗರದ ಒಳಹಳ್ಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್‌ವರ್ಕೂ ಹೇಳಿದ ಮಾತು ಕೇಳುವುದಿಲ್ಲ. ವಾರಕ್ಕೆ ಬೇಕಾದ ಧ್ವನಿ ಪಾಠ, ಪಿಡಿಎಫ್ ಎಲ್ಲವನ್ನೂ ಪೇಟೆಯಲ್ಲಿರುವಾಗಲೇ ಇಳಿಸಿಕೊಳ್ಳಿ. ಒಂದು ಕಾಗದದ ನಿಘಂಟು ಮನೆಯಲ್ಲಿರಲಿ. ಬಸ್ಸಿನಲ್ಲಿ ಓದಿದರೆ ತಲೆ ಸುತ್ತುತ್ತದೆ, ಆ ಹೊತ್ತನ್ನು ಕೇಳುವುದಕ್ಕೆ ಇಟ್ಟುಕೊಳ್ಳಿ. ಕೊನೆಗಾಲದಲ್ಲಿ ಮನೆಯ ಕೆಲಸ ಬಿಟ್ಟು ಓದಲು ಆಗುವುದಿಲ್ಲ, ಅದು ನನಗೂ ಗೊತ್ತು. ಆಗ ಹೊಸ ಪದ, ಹೊಸ ಪ್ಯಾರಾ ನಿಲ್ಲಿಸಿ, ಹಳೆಯ ನೋಟ್‌ಬುಕ್ ಮಾತ್ರ ದಿನಕ್ಕೆ ಹತ್ತು ನಿಮಿಷ ತಿರುವಿಹಾಕಿ. ಪೂರ್ತಿ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ.

ಹಂತ 10: ಅಳೆಯುವುದು, ದುಡ್ಡು ಖರ್ಚು ಮಾಡುವುದು

ಇಂಗ್ಲಿಷ್ ಮಟ್ಟ ಅಳೆಯಲು ಯುರೋಪಿನ ಸಿಇಎಫ್‌ಆರ್ ಎಂಬ ಅಳತೆಗೋಲು ಬಳಕೆಯಲ್ಲಿದೆ. ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ಡಿಗ್ರಿ ಪುಸ್ತಕ ಸಲೀಸಾಗಿ ಓದಲು ನಾಲ್ಕನೆಯ ಮೆಟ್ಟಿಲಾದ ಬಿ2 ಹತ್ತಿರ ಬರಬೇಕು. ಜಾಲದಲ್ಲಿ ಉಚಿತ ಪರೀಕ್ಷೆಗಳಿವೆ, ಆರು ತಿಂಗಳಿಗೊಮ್ಮೆ ಮಾಡಿ ನೋಡಿ. ಐಇಎಲ್‌ಟಿಎಸ್ ಪರೀಕ್ಷೆ ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರಿಗೆ. ಅದರ ಅಂಕ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೊದಲ ವರ್ಷದಲ್ಲೇ ಅದಕ್ಕೆ ದುಡ್ಡು ಕಟ್ಟಬೇಡಿ.

ಕೋಚಿಂಗ್‌ಗೆ ಸೇರಲೇಬೇಕು ಅನಿಸಿದರೆ ಹಣ ಕಟ್ಟುವ ಮೊದಲು ಒಂದು ತರಗತಿ ಕೂತು ನೋಡಿ. ಆ ಒಂದು ಗಂಟೆಯಲ್ಲಿ ನೀವು ಎಷ್ಟು ನಿಮಿಷ ಮಾತಾಡಿದಿರಿ ಎಂದು ಲೆಕ್ಕ ಹಾಕಿ. ಮೇಷ್ಟ್ರೇ ಮಾತಾಡಿ ನೀವು ಬರೆದುಕೊಂಡು ಬಂದಿದ್ದರೆ ಸೇರಬೇಡಿ.

ಹಂತ 11: ಸೆಮಿನಾರ್, ವೈವಾ

ಕೊನೆಯ ವರ್ಷಕ್ಕೆ ಬಂದಾಗ ಇದು ಎದುರಾಗುತ್ತದೆ. ಸೆಮಿನಾರ್‌ನಲ್ಲಿ ಚೀಟಿ ನೋಡಿ ಓದಬೇಡಿ. ಪ್ರತಿ ಸ್ಲೈಡಿಗೆ ಮೂರು ಪದ ಬರೆದುಕೊಂಡು, ಜೊತೆಗಾರರ ಮುಂದೆ ಮೂರು ಸಲವಾದರೂ ಹೇಳಿ ನೋಡಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠವಾಗಿರಲಿ, ನಡುಕ ಇಳಿಯಲು ಅಷ್ಟು ಹೊತ್ತು ಸಾಕು.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪ್ರಶ್ನೆ ಅರ್ಥವಾಗದೆ ಸುಮ್ಮನೆ ನಿಂತರೆ ವಿಷಯವೇ ಗೊತ್ತಿಲ್ಲ ಎಂದು ಅಂದುಕೊಳ್ಳುತ್ತಾರೆ. ಮೂರು ವಾಕ್ಯಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಳ್ಳಿ. ಕೇಳಿಸದಿದ್ದರೆ “ಕುಡ್ ಯು ಪ್ಲೀಸ್ ರಿಪೀಟ್ ದಿ ಕ್ವೆಶ್ಚನ್, ಸರ್?” ಅರೆಬರೆ ಅರ್ಥವಾಗಿದ್ದರೆ “ಆರ್ ಯು ಆಸ್ಕಿಂಗ್ ಅಬೌಟ್...” ಎಂದು ನಿಮಗೆ ತಿಳಿದಷ್ಟನ್ನು ಸೇರಿಸಿ ಕೇಳಿ. ಉತ್ತರ ಗೊತ್ತಿದ್ದು ಪದ ಸಿಗದಿದ್ದರೆ “ಮೇ ಐ ಎಕ್ಸ್‌ಪ್ಲೇನ್ ಇಟ್ ವಿತ್ ಆ್ಯನ್ ಎಕ್ಸಾಂಪಲ್?” ಅಷ್ಟಾದರೂ ಆಗದಿದ್ದರೆ ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ, ಇಲ್ಲಿನ ಹೆಚ್ಚಿನ ಪರೀಕ್ಷಕರು ಬೇಡ ಎನ್ನುವುದಿಲ್ಲ.